ಎಳೆಯ ಆರ್ಕಿಡ್ಡಿಗೆ ತಕ್ಕ ಆಸರೆ

ಗಾಜಿನ ಸೀಸೆಯಲ್ಲಿ ಬೆಳೆಸಿದ ಆರ್ಕಿಡ್ ಸಸಿಗಳು ಈಗ ನಮ್ಮ ಪಟ್ಟಣಗಳ ಸಸ್ಯಾಗಾರಗಳಲ್ಲಿ ದೊರೆಯುತ್ತವೆ. ಅಂಚೆಯ ಮೂಲಕ ತರಿಸಿಕೊಳ್ಳುವವರೂ ಉಂಟು. ಒಂದು ಸೀಸೆಯಲ್ಲಿ ಇಪ್ಪತ್ತೋ ಮೂವತ್ತೋ ಸಸಿಗಳು. ಒಂದೊಂದೂ ಬೆರಳಿನ ಎರಡು ಗೆಣ್ಣಿನಷ್ಟು ಎತ್ತರ, ಎರಡು ಮೂರು ಎಲೆ, ನಾಲ್ಕಾರು ಬೇರು. ಹೂಬಿಟ್ಟ ಗಿಡಗಳನ್ನು ಒಂದೊಂದಾಗಿ ಕೊಳ್ಳುವುದಕ್ಕಿಂತ ಇದು ಮೇಲೆಂದೆಣಿಸಿ ಆಸೆಯಿಂದ ಮನೆಗೆ ತರುವರು. ಆರು ತಿಂಗಳ ತರುವಾಯ ಹೋಗಿ ವಿಚಾರಿಸಿದರೆ ಮೂವತ್ತರಲ್ಲಿ ಮೂರು ಉಳಿದಿರುವುದೂ ಕಷ್ಟ. "ನನ್ನ ಕೈಗುಣವೇ ಚೆನ್ನಾಗಿಲ್ಲ" ಎಂದು ಮನೆಯಾಕೆ ನಿಟ್ಟುಸಿರು ಬಿಡುವಳು. "ಮಾರಿದವನು ಮೋಸಮಾಡಿದ" ಎಂದು ಯಜಮಾನನು ಹೇಳುವನು. ನಾವು ನೋಡಿದ ಮಟ್ಟಿಗೆ, ಹತ್ತರಲ್ಲಿ ಎಂಟು ಮನೆಗಳಲ್ಲಿ ತಪ್ಪು ಕೈಗುಣದ್ದೂ ಅಲ್ಲ, ಮಾರಿದವನದೂ ಅಲ್ಲ. ಸಸಿಯನ್ನು ಯಾವುದರಲ್ಲಿ ನಟ್ಟರೋ ಅದರದು.

ಈ ಗಿಡಗಳನ್ನು ಕುರಿತು ನಮ್ಮನ್ನು ಕೇಳುವವರು ಗೊಬ್ಬರದ ವಿಷಯವನ್ನು ಕೇಳುವರು, ಬಿಸಿಲು ನೆರಳಿನ ವಿಷಯವನ್ನು ಕೇಳುವರು, ಹುಳುಗಳಿಗೆ ಔಷಧವನ್ನೂ ಕೇಳುವರು. ಕುಂಡಕ್ಕೆ ಏನನ್ನು ತುಂಬಬೇಕೆಂದು ಕೇಳುವವರು ಕಡಮೆ. ಕುಂಡವೆಂದರೆ ಮಣ್ಣು, ಮಣ್ಣೆಂದರೆ ಗೊಬ್ಬರ ಎಂಬುದು ತುಳಸಿ, ಗುಲಾಬಿ, ಮಲ್ಲಿಗೆಗಳನ್ನು ಸಾಕಿದ ಕೈಗಳಿಗೆ ತಾನಾಗಿ ಬಂದ ತಿಳಿವಳಿಕೆ. ಆ ಗಿಡಗಳ ಮಟ್ಟಿಗೆ ಅದು ಸರಿಯಾದುದೇ. ಇಲ್ಲಿ ಮಾತ್ರ ಅದೇ ತಿಳಿವಳಿಕೆಯು ಸಸಿಗೆ ಮೃತ್ಯುವಾಗುವುದು.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮುಂಗಾರಿನ ಮೊದಲ ಮಳೆಗಳ ಹೊತ್ತಿಗೆ ಹಲಸು, ಮಾವು, ಮತ್ತಿಯ ಮರಗಳ ಕೊಂಬೆಗಳಿಂದ ನಸುಗೆಂಪು ಹೂಗಳ ಗೊಂಚಲು ದಂಡೆದಂಡೆಯಾಗಿ ಇಳಿಬೀಳುವುದನ್ನು ಅವರು ಬಾಲ್ಯದಿಂದಲೂ ಕಂಡವರು. ಸೀತೆಯು ವನವಾಸದಲ್ಲಿ ಮುಡಿದುದೆಂದು ಕೆಲವರು ಅದನ್ನು ಸೀತಾಳೆ ದಂಡೆಯೆನ್ನುವರು; ದ್ರೌಪದಿಯ ಹೆಸರನ್ನು ಕೊಡುವವರೂ ಇದ್ದಾರೆ. ಅಸ್ಸಾಮಿನಲ್ಲಿ ಇದೇ ಹೂವನ್ನು ಬಿಹು ಹಬ್ಬದ ಕುಣಿತದಲ್ಲಿ ಹೆಂಗಳೆಯರು ಮುಡಿಯುವರು. ಮರದ ಮೇಲೆ ಬೆಳೆಯುವುದರಿಂದ ಇದನ್ನು ಬಂದಳಿಕೆಯ ಜಾತಿಗೆ ಸೇರಿಸಿ, ಮರದ ರಸವನ್ನು ಹೀರಿ ಬದುಕುವುದೆಂದು ನಂಬಿರುವವರು ಇಂದಿಗೂ ಉಂಟು. ಹಾಗಲ್ಲ. ಬಂದಳಿಕೆಯ ಬೇರು ಮರದ ಒಳಹೊಕ್ಕು ಕದಿಯುವುದು. ಸೀತಾಳೆಯ ಬೇರು ತೊಗಟೆಯನ್ನು ಹೊರಗಿನಿಂದ ಅಪ್ಪಿಕೊಂಡಿರುವುದು, ಅಷ್ಟೆ. ಮರವು ಅದಕ್ಕೆ ಉಣಿಸುವ ತಾಯಿಯಲ್ಲ, ಕುಳ್ಳಿರಿಸಿಕೊಂಡ ಜಗಲಿ. ಊಟವು ಮಳೆಯ ನೀರಿನಲ್ಲಿ ಕರಗಿ ಬಂದಷ್ಟು, ತೊಗಟೆಯ ಬಿರುಕಿನಲ್ಲಿ ಕೊಳೆತ ತರಗಿನಿಂದ ಇಳಿದಷ್ಟು.

ಆ ಬೇರನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಒಣಗಿದಾಗ ಬೆಳ್ಳಿಯ ಬಣ್ಣ. ನೀರು ಬಿದ್ದ ಕ್ಷಣಾರ್ಧದಲ್ಲಿ ಹಸುರು. ಬೇರಿನ ಸುತ್ತ ಜೀವವಿಲ್ಲದ ಬರಿದಾದ ಕಣಗಳ ಹೊದಿಕೆಯೊಂದು ಇರುವುದು. ಸಸ್ಯಶಾಸ್ತ್ರಜ್ಞರು ಇದನ್ನು ವೆಲಾಮೆನ್ ಎನ್ನುವರು. ಒಣಗಿದ ಬಟ್ಟೆ ನೀರನ್ನು ಸೆಳೆಯುವಂತೆ ಅದು ಮಳೆಯ ಹನಿಯನ್ನು ಸೆಳೆದು ಒಳಗಿನ ಜೀವಂತ ಭಾಗಕ್ಕೆ ಕೊಡುವುದು; ಬಳಿಕ ಗಾಳಿಯಾಡಿದೊಡನೆ ಒಣಗುವುದು. ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು, ಮತ್ತೆ ಒಣಗುವುದು: ಇದೇ ಆ ಬೇರಿನ ಉಸಿರಾಟ. ಅದನ್ನು ಕೆಂಪುಮಣ್ಣಿನಲ್ಲಿ ಹೂತು ದಿನವೂ ನೀರೆರೆದರೆ ಹೊದಿಕೆ ಎಂದಿಗೂ ಒಣಗದು. ಒಳಗೆ ಗಾಳಿ ಸುಳಿಯದು. ನಾಲ್ಕು ದಿನಗಳಲ್ಲಿ ಬೇರು ಕಂದಾಗಿ, ಹಿಚುಕಿದರೆ ಮೆತ್ತಗಾಗಿ, ಸಿಪ್ಪೆ ಸುಲಿದುಬಂದು ಒಳಗಿನ ದಾರವೊಂದೇ ಉಳಿಯುವುದು. ಬೇರು ಸತ್ತ ಗಿಡದ ಎಲೆ ಬಾಡುವುದು ಸಹಜ. ಬಾಡಿದುದನ್ನು ಕಂಡು ನೀರು ಸಾಲದೆಂದು ಇನ್ನಷ್ಟು ಎರೆಯುವರು. ಸಾವಿಗೆ ಇದಕ್ಕಿಂತ ಹತ್ತಿರದ ದಾರಿ ಬೇರೆ ಇಲ್ಲ.

ದೊಡ್ಡ ಗಿಡವಾದರೆ ಇಂತಹ ಉಪಚಾರವನ್ನು ಕೆಲವು ತಿಂಗಳು ತಡೆದುಕೊಂಡೀತು. ಅದರ ದಪ್ಪನೆಯ ಕಾಂಡದಲ್ಲಿ ಕೂಡಿಟ್ಟ ನೀರೂ ಆಹಾರವೂ ಇರುವುವು. ಸೀಸೆಯ ಸಸಿಗೆ ಆ ಶಕ್ತಿಯಿಲ್ಲ. ಏಕಿಲ್ಲವೆಂಬುದನ್ನು ತಿಳಿಯಬೇಕಾದರೆ ಸೀಸೆಯ ಕಥೆಯನ್ನು ಸ್ವಲ್ಪ ಹೇಳಬೇಕು.

ಆರ್ಕಿಡ್ಡಿನ ಬೀಜವು ಹಿಟ್ಟಿನ ಧೂಳಿನಂತಿರುವುದು. ಕೆಲವು ಜಾತಿಗಳ ಒಂದೇ ಕಾಯಿಯಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಬೀಜಗಳಿರುವುವು. ಇಷ್ಟು ಹಗುರವಾಗಬೇಕಾದರೆ ಬುತ್ತಿಯನ್ನು ಬಿಟ್ಟು ಹೊರಡಬೇಕು. ಅಂತೆಯೇ ಈ ಬೀಜದಲ್ಲಿ ಹುರುಳಿ ಕಡಲೆಗಳಲ್ಲಿರುವಂತೆ ಮೊಳಕೆಗೆ ಆಹಾರವಿಲ್ಲ. ಇಂಗ್ಲೆಂಡಿನ ಎಕ್ಸೆಟರಿನಲ್ಲಿ ವೀಚ್ ಮನೆತನದವರ ಸಸ್ಯಾಗಾರದಲ್ಲಿದ್ದ ಜಾನ್ ಡಾಮಿನಿ ಎಂಬ ತೋಟಗಾರನು ಎರಡು ಜಾತಿಗಳನ್ನು ಕೂಡಿಸಿ ಬೆಳೆಸಿದ ಮೊದಲ ಮಿಶ್ರತಳಿಯ ಆರ್ಕಿಡ್ಡು ೧೮೫೬ರಲ್ಲಿ ಹೂಬಿಟ್ಟಿತು. ಆದರೂ ಬಿತ್ತಿದ ಬೀಜಗಳಲ್ಲಿ ಬಹುಪಾಲು ಏಕೆ ಮೊಳೆಯುವುದಿಲ್ಲವೆಂಬುದು ಆಗಿನ ತೋಟಗಾರರಿಗೆ ಒಗಟಾಗಿಯೇ ಇದ್ದಿತು. ತಾಯಿಗಿಡದ ಬುಡದಲ್ಲಿ ಚೆಲ್ಲಿದ ಬೀಜ ಕೆಲವೊಮ್ಮೆ ಮೊಳೆಯುವುದು, ಬೇರೆ ಕಡೆ ಚೆಲ್ಲಿದುದು ಮೊಳೆಯದು. ಇಷ್ಟನ್ನು ಅವರು ಅನುಭವದಿಂದ ಅರಿತಿದ್ದರು. ೧೮೯೯ರಲ್ಲಿ ಫ್ರಾನ್ಸಿನ ನೊಯೆಲ್ ಬರ್ನಾರ್ ಒಗಟನ್ನು ಬಿಡಿಸಿದನು. ಬೇರಿನಲ್ಲಿ ವಾಸಿಸುವ ಒಂದು ಬಗೆಯ ಸೂಕ್ಷ್ಮವಾದ ಬೂಷ್ಟು ಬೀಜದೊಳಗೆ ಹೊಕ್ಕು ಅದಕ್ಕೆ ಉಣಿಸಿದರೆ ಮಾತ್ರ ಕಾಡಿನಲ್ಲಿ ಮೊಳಕೆ ಬರುವುದೆಂದು ಕಂಡುಬಂದಿತು. ಆಮೇಲೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನಡ್ಸನ್ ಎಂಬ ವಿದ್ವಾಂಸನು ಬೂಷ್ಟಿನ ಹಂಗೇ ಬೇಡವೆಂದು ತೋರಿಸಿದನು. ಕಡಲಪಾಚಿಯಿಂದ ತೆಗೆದ ಅಗರ್ ಎಂಬ ಅಂಟಿನಲ್ಲಿ ಸಕ್ಕರೆಯನ್ನೂ ಕೆಲವು ಲವಣಗಳನ್ನೂ ಬೆರೆಸಿ, ಕುದಿಸಿ ಶುದ್ಧಮಾಡಿ, ಅದರ ಮೇಲೆ ಬೀಜವನ್ನು ಬಿತ್ತಿ ಆತನು ಪಡೆದ ಫಲವನ್ನು ೧೯೨೨ರಲ್ಲಿ ಪ್ರಕಟಿಸಿದನು. ಇಂದು ಲೋಕದಲ್ಲಿ ಮಾರಾಟವಾಗುವ ಆರ್ಕಿಡ್ ಸಸಿಗಳಲ್ಲಿ ಬಹುಪಾಲು ಆ ಸೀಸೆಯ ಸಂತತಿಯೇ.

ಈ ಸೀಸೆಯಿಂದ ಕಾಡಿಗೂ ಉಪಕಾರವಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಶ್ರೀಮಂತರ ಗಾಜಿನ ಮನೆಗಳಿಗಾಗಿ ನಮ್ಮ ಖಾಸಿ ಬೆಟ್ಟಗಳಿಂದಲೂ ಬರ್ಮದಿಂದಲೂ ಆರ್ಕಿಡ್ಡುಗಳನ್ನು ಬುಟ್ಟಿಗಟ್ಟಲೆ ಕಿತ್ತು ಸಾಗಿಸಿದರು. ವನ್ಯಜೀವಿಗಳ ವ್ಯಾಪಾರವನ್ನು ಹತೋಟಿಯಲ್ಲಿಡಲು ೧೯೭೫ರಲ್ಲಿ ಜಾರಿಗೆ ಬಂದ, ಭಾರತವು ೧೯೭೬ರಲ್ಲಿ ಸೇರಿದ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಇಡೀ ಆರ್ಕಿಡ್ ಕುಲವೇ ಸೇರಿದೆ. ಸೀಸೆಯಲ್ಲಿ ಬೆಳೆಸಿದ ಸಸಿಗಳಿಗೆ ಮಾತ್ರ ಬಹುಮಟ್ಟಿಗೆ ವಿನಾಯಿತಿಯುಂಟು. ಆದರೂ ಘಟ್ಟದ ರಸ್ತೆಗಳ ಪಕ್ಕದಲ್ಲಿ, ಮರದಿಂದ ಸುಲಿದು ತಂದ ಸೀತಾಳೆಯ ಕಟ್ಟುಗಳನ್ನು ಮಾರುವವರು ಈಗಲೂ ಕಾಣಬರುವರು. ಸೀಸೆಯ ಸಸಿಯನ್ನು ಸಾಕಲಾರದೆ ಬೇಸತ್ತವರೇ ಮುಂದೆ ಆ ಕಟ್ಟುಗಳ ಮುಂದೆ ಕಾರು ನಿಲ್ಲಿಸುವರು. ಒಂದು ಕುಂಡಕ್ಕೆ ಏನು ತುಂಬಬೇಕೆಂಬ ಸಣ್ಣ ಪ್ರಶ್ನೆಯನ್ನು ನಾವು ಇಷ್ಟು ದೊಡ್ಡದು ಮಾಡುತ್ತಿರುವುದಕ್ಕೆ ಅದೂ ಒಂದು ಕಾರಣ.

ಸೀಸೆಯೊಳಗಿನ ಸಸಿಯು ತವರಿನಲ್ಲಿ ಮುದ್ದಾಗಿ ಬೆಳೆದ ಮಗಳಂತೆ. ಸಕ್ಕರೆಯ ಊಟ, ತೇವ ತುಂಬಿದ ಹವೆ, ರೋಗದ ಸುಳಿವಿಲ್ಲ. ಎಲೆಯ ಮೇಲೆ ಮೇಣದ ಹೊದಿಕೆ ಸರಿಯಾಗಿ ಕೂಡಿಲ್ಲ. ಬೇರು ಗಾಳಿಯನ್ನು ಕಂಡೇ ಇಲ್ಲ. ಹೊರಗೆ ತಂದೊಡನೆ ಎಲೆಯಿಂದ ನೀರು ಆರುವುದು. ಬೇರು ಅದನ್ನು ತುಂಬಿಕೊಡಲಾರದು. ಹಾಗೆಂದು ನೀರಿನಲ್ಲಿ ಮುಳುಗಿಸಿಟ್ಟರೆ ಕೊಳೆಯುವುದು. ಎಳೆಯ ಸಸಿಗೆ ಆಸರೆಯನ್ನು ಆರಿಸುವ ಕಷ್ಟವೆಲ್ಲ ಇಲ್ಲಿದೆ: ದೊಡ್ಡ ಗಿಡಕ್ಕಿಂತ ಅದಕ್ಕೆ ತೇವವು ಹೆಚ್ಚು ಬೇಕು, ಗಾಳಿಯೂ ಅಷ್ಟೇ ಬೇಕು. ಒಂದನ್ನು ಕೊಡುವ ವಸ್ತುಗಳು ಬೇಕಾದಷ್ಟಿವೆ. ಎರಡನ್ನೂ ಒಟ್ಟಿಗೆ ಕೊಡುವುವು ಕಡಮೆ.

ಸೀಸೆಯಿಂದ ತೆಗೆಯುವ ಕ್ರಮವನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುವೆವು. ಉಗುರುಬೆಚ್ಚಗಿನ ನೀರನ್ನು ಒಳಗೆ ಹೊಯ್ದು ಅಂಟನ್ನು ಸಡಿಲಿಸಿ, ಸಸಿಗಳನ್ನು ಬೋಗುಣಿಗೆ ಜಾರಿಸಬೇಕು. ಬೇರಿಗೆ ಮೆತ್ತಿದ ಅಂಟನ್ನು ಮೆಲ್ಲನೆ, ಪೂರ್ತಿಯಾಗಿ ತೊಳೆಯಬೇಕು. ಉಳಿದ ಸಕ್ಕರೆಗೆ ಬೂಷ್ಟು ಹಿಡಿಯದೆ ಇರದು. ದೊಡ್ಡವನ್ನು ಬೇರೆ, ಸಣ್ಣವನ್ನು ಬೇರೆ ಮಾಡಿ, ಒಂದೇ ಕುಂಡದಲ್ಲಿ ಹತ್ತು ಹದಿನೈದನ್ನು ಒತ್ತೊತ್ತಾಗಿ ನಡಬೇಕು. ಒಂದೊಂದಕ್ಕೊಂದು ಕುಂಡವನ್ನು ಕೊಡುವುದು ಅಕ್ಕರೆಯಂತೆ ತೋರಿದರೂ ಹಿತವಲ್ಲ. ಕೂಡಿ ಬೆಳೆಯುವ ಸಸಿಗಳ ನಡುವೆ ತೇವವು ಸಮನಾಗಿ ನಿಲ್ಲುವುದು. ಈ ಕೆಲಸಕ್ಕೆ ಪುಷ್ಯ ಮಾಘಗಳ ಚಳಿಯೂ ಸಲ್ಲದು, ಬಯಲುಸೀಮೆಯ ಬೇಸಗೆಯ ಒಣಗಾಳಿಯೂ ಸಲ್ಲದು.

ಇನ್ನು ತುಂಬುವ ವಸ್ತು. ಮೊದಲು ಒಂದು ಮಾತನ್ನು ಮನಸ್ಸಿನಲ್ಲಿಡಬೇಕು: ವಸ್ತು ಯಾವುದೆಂಬುದಕ್ಕಿಂತ ಅದರ ಚೂರುಗಳ ಗಾತ್ರವೇ ಹೆಚ್ಚಿನದು. ಒಗೆದ ಪಂಚೆಯನ್ನು ಹಗ್ಗದ ಮೇಲೆ ಹರವಿದಾಗ ಮೇಲಿನ ಭಾಗ ಬೇಗ ಆರಿ ಕೆಳಗಿನ ಅಂಚು ಬಹಳ ಹೊತ್ತು ಒದ್ದೆಯಾಗಿರುವುದನ್ನು ಎಲ್ಲರೂ ಕಂಡಿದ್ದಾರೆ. ಕುಂಡದಲ್ಲಿಯೂ ಹಾಗೆಯೇ. ನೀರು ಇಳಿದುಹೋದ ಮೇಲೂ ತಳದಲ್ಲಿ ಒಂದು ಒದ್ದೆಯ ಪದರ ನಿಲ್ಲುವುದು. ಚೂರುಗಳು ಸಣ್ಣವಾದಷ್ಟೂ ಆ ಪದರ ಎತ್ತರವಾಗುವುದು. ಹುಡಿಯಾದರೆ ಪುಟ್ಟ ಕುಂಡವೆಲ್ಲವೂ ಅದೇ ಪದರವಾಗಿ ಬೇರಿಗೆ ಉಸಿರೇ ಇಲ್ಲದಾಗುವುದು. ತಳದಲ್ಲಿ ಜಲ್ಲಿಕಲ್ಲು ಹಾಕಿ ಮೇಲೆ ಹುಡಿಯನ್ನು ತುಂಬಿದರೆ ನೀರು ಚೆನ್ನಾಗಿ ಬಸಿಯುವುದೆಂಬ ನಂಬಿಕೆಯುಂಟು. ಅದು ಸರಿಯಲ್ಲ, ಒದ್ದೆಯ ಪದರವು ಕಲ್ಲುಗಳ ಮೇಲಕ್ಕೆ ಬಂದು, ಅಂದರೆ ಬೇರಿಗೆ ಇನ್ನೂ ಹತ್ತಿರವಾಗಿ, ನಿಲ್ಲುವುದು. ಸೀಸೆಯಿಂದ ಆಗತಾನೆ ಬಂದ ಸಸಿಗೆ ಕಡಲೆಬೇಳೆಯ ಗಾತ್ರದ ಚೂರು, ಆರು ತಿಂಗಳ ಸಸಿಗೆ ಅವರೆಕಾಳಿನ ಗಾತ್ರ, ಬೆಳೆದ ಗಿಡಕ್ಕೆ ಅಡಕೆಯ ಅಥವಾ ನೆಲ್ಲಿಕಾಯಿಯ ಗಾತ್ರ. ಯಾವ ವಸ್ತುವನ್ನೇ ಆಗಲಿ ಜರಡಿಯಾಡಿ, ಹುಡಿಯನ್ನು ಹೊರಗೆ ಚೆಲ್ಲಿ, ಉಳಿದುದನ್ನು ಮಾತ್ರ ಉಪಯೋಗಿಸಬೇಕು. ಈ ಜರಡಿಯ ಕೆಲಸವನ್ನು ಬೇಸರಪಟ್ಟು ಬಿಟ್ಟವರು ಎಷ್ಟು ಬೆಲೆಯ ವಸ್ತುವನ್ನು ತಂದರೂ ಪ್ರಯೋಜನವಿಲ್ಲ.

ಪುಸ್ತಕಗಳಲ್ಲಿ ಎಳೆಯ ಸಸಿಗೆ ಮೊದಲ ಹೆಸರು ಸ್ಫ್ಯಾಗ್ನಮ್ ಪಾಚಿಯದು. ತಂಪುಸೀಮೆಗಳ ಜೌಗುನೆಲದಲ್ಲಿ ಬೆಳೆಯುವ ಈ ಪಾಚಿಯನ್ನು ಒಣಗಿಸಿ, ಒತ್ತಿ, ಇಟ್ಟಿಗೆಯಂತೆ ಮಾಡಿ ನ್ಯೂಜಿಲೆಂಡಿನಿಂದಲೂ ದಕ್ಷಿಣ ಅಮೆರಿಕದ ಚಿಲಿ ದೇಶದಿಂದಲೂ ಕಳುಹಿಸುವರು. ಇದರ ಎಲೆಗಳಲ್ಲಿ ಬರಿದಾದ ಕಣಗಳಿರುವುದರಿಂದ ತನ್ನ ಒಣತೂಕದ ಸುಮಾರು ಇಪ್ಪತ್ತರಷ್ಟು ನೀರನ್ನು ಹಿಡಿಯಬಲ್ಲದು. ಮೇಲಾಗಿ ಇದು ಸ್ವಲ್ಪ ಹುಳಿಯಾದುದು, ಕೊಳೆಸುವ ಕ್ರಿಮಿಗಳಿಗೆ ಒಗ್ಗದುದು. ೧೯೧೪ರಿಂದ ೧೯೧೮ರವರೆಗಿನ ಮಹಾಯುದ್ಧದಲ್ಲಿ ಗಾಯಾಳುಗಳ ಹುಣ್ಣಿಗೆ ಹತ್ತಿಯ ಬದಲು ಇದನ್ನೇ ಕಟ್ಟಿದರು. ಸಸಿಯ ಬೇರಿನ ಸುತ್ತ ಹಗುರಾಗಿ ಸುತ್ತಿ ಕುಂಡದಲ್ಲಿ ಕುಳ್ಳಿರಿಸಿದರೆ ತೇವ ಗಾಳಿಗಳೆರಡೂ ಹದವಾಗಿ ಒದಗುವುವು. "ಹಗುರಾಗಿ" ಎಂಬ ಮಾತನ್ನು ಮರೆಯಬಾರದು. ಗಟ್ಟಿಯಾಗಿ ತುರುಕಿದ ಪಾಚಿಯು ಮಣ್ಣಿಗಿಂತ ಮೇಲಲ್ಲ.

ಇದರ ದೋಷಗಳೂ ಸಣ್ಣವಲ್ಲ. ಬೆಲೆ ಹೆಚ್ಚು. ವರ್ಷದೊಳಗಾಗಿ ಮೆತ್ತಗಾಗಿ ಕುಸಿಯುವುದರಿಂದ ಬದಲಾಯಿಸಬೇಕು. ಒಮ್ಮೆ ಪೂರಾ ಒಣಗಿದರೆ ಮೇಲಿನಿಂದ ಎರೆದ ನೀರು ಅಂಚಿನಿಂದ ಜಾರಿಹೋಗಿ ನಡುವೆ ಒಣಗಿಯೇ ಉಳಿಯುವುದು. ಕುಂಡವನ್ನೇ ನೀರಿನಲ್ಲಿ ಅದ್ದಬೇಕು. ಕೈಯಲ್ಲಿ ಗಾಯವಿರುವವರು ಇದನ್ನು ಬರಿಗೈಯಲ್ಲಿ ಮುಟ್ಟಬಾರದು. ಇದರೊಡನೆ ಬರುವ ಒಂದು ಶಿಲೀಂಧ್ರದಿಂದ ಚರ್ಮದ ಮೇಲೆ ವಾಸಿಯಾಗಲು ಬಹುಕಾಲ ಹಿಡಿಯುವ ಹುಣ್ಣುಗಳು ಏಳುವುದುಂಟು. ಮಲೆನಾಡಿನ ಮರಗಳ ಮೇಲಿನ ಹಸುರು ಪಾಚಿಯೇ ಸಾಲದೇ ಎಂದು ಕೇಳುವವರಿಗೆ ನಮ್ಮ ಉತ್ತರವು ಸಾಲದು ಎಂಬುದೇ. ಅದು ಬೇರೆಯ ಜಾತಿ, ನೀರು ಹಿಡಿಯುವ ಶಕ್ತಿ ಕಡಮೆ, ಬೇಗ ಕೊಳೆಯುವುದು. ಅದನ್ನು ಸುಲಿದ ಕೊಂಬೆಯ ಮೇಲೆ ಕಾಡಿನ ಆರ್ಕಿಡ್ ಬೀಜಗಳಿಗೆ ನೆಲೆಯೇ ಇಲ್ಲದಾಗುವುದು.

ನಮ್ಮ ನಾಡಿನಲ್ಲಿ ಹಣವಿಲ್ಲದೆ ಕೈಗೆ ಸಿಗುವುದು ತೆಂಗಿನ ಸಿಪ್ಪೆ, ಹಳೆಯ ಮೈಸೂರಿನ ಕಡೆ ಮಟ್ಟೆಯೆನ್ನುವುದು. ಇದರಲ್ಲಿ ಮೂರು ಭಾಗಗಳನ್ನು ಬೇರೆಬೇರೆಯಾಗಿ ಎಣಿಸಬೇಕು. ನಾರಿನ ನಡುವಿನ ಹುಡಿಯನ್ನು ಈಗ ಕೋಕೋಪೀಟ್ ಎಂದು ಮಾರುವರು. ತರಕಾರಿಯ ಸಸಿಗಳಿಗೆ ಅದು ಒಳ್ಳೆಯದೇ, ಆರ್ಕಿಡ್ಡಿನ ಕುಂಡದಲ್ಲಿ ಅದೊಂದನ್ನೇ ತುಂಬಿದರೆ ಕೆಸರು. ಬರಿಯ ನಾರು ಗಾಳಿಯನ್ನು ಕೊಡುವುದು, ನೀರನ್ನು ಹಿಡಿಯದು. ಹುಡಿಯೂ ನಾರೂ ಕೂಡಿರುವ ಸಿಪ್ಪೆಯನ್ನೇ ಕತ್ತಿಯಿಂದ ಸಣ್ಣ ಘನಗಳಾಗಿ ಕತ್ತರಿಸಿದರೆ ಎರಡೂ ಒದಗುವುವು. ಹಸಿಯ ಎಳನೀರಿನ ಸಿಪ್ಪೆ ಬೇಡ. ಅದು ತಿಂಗಳೊಳಗೆ ಕೊಳೆತು ನಾರುವುದು. ಬಲಿತ ಕಾಯಿಯ, ಒಣಗಿದ ಸಿಪ್ಪೆಯೇ ಆಗಬೇಕು.

ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ಶತ್ರುವೆಂದರೆ ಉಪ್ಪು. ತೆಂಗು ತನ್ನ ಸಿಪ್ಪೆಯಲ್ಲಿ ಪೊಟ್ಯಾಸಿಯಮ್ಮನ್ನೂ ಸೋಡಿಯಮ್ಮನ್ನೂ ಬಹಳವಾಗಿ ಕೂಡಿಡುವುದು; ಹಿನ್ನೀರಿನ ಉಪ್ಪುನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯಾದರಂತೂ ಹೇಳಬೇಕಾದುದಿಲ್ಲ. ಅದರೊಡನೆ ಚಹದ ಬಣ್ಣದ ಒಗರೂ ಉಂಟು. ಬೆಳೆದ ಗಿಡದ ಬೇರು ಸಹಿಸಬಹುದಾದಷ್ಟು ಉಪ್ಪು ಸೀಸೆಯ ಸಸಿಯ ಬೇರಿನ ತುದಿಯನ್ನು ಸುಡುವುದು. ತುದಿ ಕಪ್ಪಾಗಿ ಬೆಳವಣಿಗೆ ಅಲ್ಲಿಗೇ ನಿಲ್ಲುವುದು. ಆದುದರಿಂದ ಕತ್ತರಿಸಿದ ಚೂರುಗಳನ್ನು ಸಿಹಿನೀರಿನಲ್ಲಿ ಒಂದು ವಾರ ನೆನೆಹಾಕಿ, ನೀರನ್ನು ದಿನವೂ ಚೆಲ್ಲಿ ಹೊಸದನ್ನು ತುಂಬಬೇಕು. ನೀರು ಚಹದ ಬಣ್ಣವನ್ನು ಬಿಟ್ಟು ತಿಳಿಯಾಗುವವರೆಗೆ ಇದು ನಡೆಯಬೇಕು. ಸಾಧ್ಯವಿದ್ದವರು ನಡುವೆ ಒಂದು ದಿನ ಕ್ಯಾಲ್ಸಿಯಮ್ ನೈಟ್ರೇಟ್ ಬೆರೆಸಿದ ನೀರಿನಲ್ಲಿ ನೆನೆಹಾಕಿ ಮತ್ತೆ ತೊಳೆದರೆ, ಸಿಪ್ಪೆಗೆ ಅಂಟಿದ ಸೋಡಿಯಮ್ಮನ್ನು ಸುಣ್ಣದ ಅಂಶವು ಹೊರದೂಡುವುದು. ಕಡೆಯಲ್ಲಿ ಕುದಿಯುವ ನೀರನ್ನು ಹೊಯ್ದು ಆರಿಸಿದರೆ ಹುಳುಗಳ ಮೊಟ್ಟೆಗಳೂ ಸಾಯುವುವು. ಸಿಪ್ಪೆಯಲ್ಲಿ ಸಸಿ ನಿಲ್ಲಲಿಲ್ಲವೆಂದು ದೂರಿದ ಕರಾವಳಿಯ ಕೆಲವು ಮನೆಗಳಲ್ಲಿ ನಾವು ವಿಚಾರಿಸಿದಾಗ, ಒಲೆಗೆಂದು ಹಿತ್ತಿಲಲ್ಲಿ ರಾಶಿಹಾಕಿದ್ದುದನ್ನು ತೊಳೆಯದೆ ನೇರವಾಗಿ ಕುಂಡಕ್ಕೆ ಹಾಕಿದ್ದರೆಂದು ತಿಳಿಯಿತು.

ಇದ್ದಿಲಿನ ಗುಣವು ಇದಕ್ಕೆ ತದ್ವಿರುದ್ಧ. ಅದು ಕೊಳೆಯದು, ಕುಸಿಯದು, ಹುಳು ತಿನ್ನದು. ಗಾಳಿಗೆ ಹೇರಳವಾಗಿ ಎಡೆಗೊಡುವುದು. ನೀರನ್ನು ಹಿಡಿಯುವುದು ಅಷ್ಟಕ್ಕಷ್ಟೆ. ಥೈಲೆಂಡಿನಲ್ಲಿಯೂ ನಮ್ಮ ಕರಾವಳಿ, ಕೇರಳಗಳಲ್ಲಿಯೂ ಡೆಂಡ್ರೋಬಿಯಮ್ ಜಾತಿಯನ್ನು ಹೂವಿನ ವ್ಯಾಪಾರಕ್ಕೆ ಬೆಳೆಯುವವರು ಇದ್ದಿಲು, ತೆಂಗಿನ ಸಿಪ್ಪೆ, ಇಟ್ಟಿಗೆ ಚೂರುಗಳನ್ನೇ ನಂಬಿರುವರು. ಗಟ್ಟಿಮರದ ಇದ್ದಿಲನ್ನು ಒಡೆದು, ತೊಳೆದು, ಮಸಿಯನ್ನು ಕಳೆಯಬೇಕು. ಹಿಟ್ಟು ಬೆರೆಸಿ ಅಚ್ಚುಹಾಕಿದ ಉಂಡೆಯ ಇದ್ದಿಲು ಸರ್ವಥಾ ಕೂಡದು. ಕೆಲವು ವರ್ಷಗಳಲ್ಲಿ ಇದ್ದಿಲು ಗೊಬ್ಬರದ ಉಪ್ಪನ್ನು ಹೀರಿ ಮೇಲೆ ಬಿಳಿಯ ಪೊರೆಗಟ್ಟುವುದು. ಆಗ ಅದನ್ನು ಒಲೆಗೆ ಹಾಕಿ ಹೊಸದನ್ನು ತರಬೇಕು.

ಹೆಂಚು ಇಟ್ಟಿಗೆಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಬಾಸೆಲ್ ಮಿಷನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆಯನ್ನು ತೆರೆದಂದಿನಿಂದ ಹೆಂಚಿನ ಚೂರಿಗೆ ನಮ್ಮಲ್ಲಿ ಬರವಿಲ್ಲ. ಚೆನ್ನಾಗಿ ಬೆಂದ ಹೆಂಚಿನ ಚೂರು ತನ್ನ ಸೂಕ್ಷ್ಮರಂಧ್ರಗಳಲ್ಲಿ ಸ್ವಲ್ಪ ನೀರನ್ನು ಹಿಡಿದು ಸುತ್ತಲ ಹವೆಯನ್ನು ತಂಪಾಗಿಡುವುದು. ತೂಕವಿರುವುದರಿಂದ ಕುಂಡವು ಗಾಳಿಗೆ ಉರುಳದು. ಅರೆಬೆಂದ ಇಟ್ಟಿಗೆ ಕರಗಿ ಕೆಸರಾಗುವುದು. ಎಳೆಯ ಸಸಿಗೆ ಇದನ್ನು ಇದ್ದಿಲಿನೊಡನೆ ಬೆರೆಸುವುದು ಮೇಲು, ಒಂದನ್ನೇ ಬಳಸಬಾರದು.

ಪಾಶ್ಚಾತ್ಯರ ಗ್ರಂಥಗಳಲ್ಲಿ ಹೇಳಿರುವ ಇತರ ವಸ್ತುಗಳ ಚರಿತ್ರೆಯು ವಿನೋದವಾಗಿದೆ. ಬಹುಕಾಲ ಅವರು ಆಸ್ಮಂಡಾ ಎಂಬ ಜರಿಗಿಡದ ಕಪ್ಪು ಬೇರುಗಳನ್ನು ಬಿಟ್ಟು ಬೇರೊಂದನ್ನು ನಂಬುತ್ತಿರಲಿಲ್ಲ. ಅದನ್ನು ತುಂಬುವುದೇ ಒಂದು ವಿದ್ಯೆಯೆಂದು ಎಣಿಸಿದ್ದರು. ಅದು ಅಪರೂಪವಾಗಿ ಬೆಲೆಯೇರಿದ ಮೇಲೆ, ೧೯೫೦ರ ದಶಕದಲ್ಲಿ ಕ್ಯಾಲಿಫೋರ್ನಿಯದವರು ಫರ್ ಮರದ ತೊಗಟೆಯನ್ನು ಬಳಕೆಗೆ ತಂದರು. ಇಂದಿಗೂ ಅಲ್ಲಿ ತೊಗಟೆಯದೇ ರೂಢಿ. ನಮ್ಮಲ್ಲಿ ಹಿಮಾಲಯದ ಕಡೆಯ ಪೈನ್ ತೊಗಟೆ ಚೀಲಗಳಲ್ಲಿ ಬರುತ್ತಿದೆ. ಒಳ್ಳೆಯದೇ; ಆದರೆ ತೊಗಟೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳು ಸಸಿಗೆ ಸೇರಬೇಕಾದ ಸಾರಜನಕವನ್ನು ತಾವೇ ತಿಂದುಬಿಡುವುದರಿಂದ ಗೊಬ್ಬರದಲ್ಲಿ ಆ ಅಂಶ ಹೆಚ್ಚಾಗಿರಬೇಕು. ಮರದಷ್ಟು ಎತ್ತರ ಬೆಳೆಯುವ ಜರಿಯ ಕಾಂಡದ ನಾರನ್ನು ಹೊಗಳುವವರೂ ಇರುವರು. ಸೈಯಾಥಿಯಾ ಎಂಬ ಆ ಕುಲವೂ ಮೇಲೆ ಹೇಳಿದ ಒಪ್ಪಂದದಲ್ಲಿ ಸೇರಿದೆ; ನಮ್ಮ ಘಟ್ಟದ ಹಳ್ಳಗಳ ದಡದಲ್ಲಿ ನಿಂತಿರುವ ಅಂತಹ ಜರಿಯನ್ನು ಒಂದು ಹೂವಿನ ಕುಂಡಕ್ಕಾಗಿ ಕಡಿಯುವುದನ್ನು ನಾವು ಒಪ್ಪಲಾರೆವು. ಸಿಕ್ಕಿಮಿನಲ್ಲಿ ಸಿಂಬಿಡಿಯಮ್ ಜಾತಿಗೆ ಎಲೆಗೊಬ್ಬರವನ್ನು ಬೆರೆಸುವುದನ್ನು ಓದಿ ಇಲ್ಲಿಯ ಮನೆಗಳಲ್ಲಿ ಎಲ್ಲ ಆರ್ಕಿಡ್ಡುಗಳಿಗೂ ಅದನ್ನು ಹಾಕುವವರುಂಟು. ಸಿಂಬಿಡಿಯಮ್ಮಿನ ಅನೇಕ ಜಾತಿಗಳು ನೆಲದಲ್ಲಿ ಬೇರೂರುವ ತಂಪುಬೆಟ್ಟದ ಗಿಡಗಳು. ಅವುಗಳ ಊಟ ಡೆಂಡ್ರೋಬಿಯಮ್ಮಿಗೆ ಅಜೀರ್ಣ.

ಇಷ್ಟೆಲ್ಲ ಹೇಳಿದ ಮೇಲೆ, "ಹಾಗಾದರೆ ಯಾವುದು ಅತ್ಯುತ್ತಮ?" ಎಂದು ವಾಚಕರು ಕೇಳುವುದು ನ್ಯಾಯವೇ. ಅತ್ಯುತ್ತಮವೆಂಬುದು ಇಲ್ಲ. ನಾವಾದರೆ ಮೊದಲು ಎರಡು ಪ್ರಶ್ನೆಗಳನ್ನು ಕೇಳುವೆವು: ನಿಮ್ಮ ಊರಿನ ಹವೆ ಎಂತಹುದು? ಮನೆಯಲ್ಲಿ ನೀರೆರೆಯುವ ಕೈ ಯಾರದು?

ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿಯೇ ಒದ್ದೆಯಾಗಿರುವುದು. ಅಲ್ಲಿ ಪಾಚಿಯನ್ನು ತುಂಬಿದರೆ ಅದು ಆರಲು ವಾರಗಳು ಹಿಡಿಯುವುವು. ಇದ್ದಿಲು ಎರಡು ಪಾಲು, ತೊಳೆದ ಸಿಪ್ಪೆಯ ಚೂರು ಒಂದು ಪಾಲು, ಮಳೆ ನೇರವಾಗಿ ಬೀಳದಂತೆ ಮೇಲೊಂದು ಮರೆ, ಇದು ಸಾಕು. ಬೆಂಗಳೂರು ಮೈಸೂರುಗಳ ಹವೆ ನಡುಮಟ್ಟದ್ದು. ಅಲ್ಲಿ ಸಿಪ್ಪೆ ಎರಡು ಪಾಲು, ಇದ್ದಿಲು ಒಂದು ಪಾಲು ಮಾಡಿ, ಸೀಸೆಯಿಂದ ಬಂದ ಹೊಸದರಲ್ಲಿ ಬೇರಿನ ಸುತ್ತ ಮಾತ್ರ ಒಂದೆರಡು ಎಳೆ ಪಾಚಿಯನ್ನು ಇಡಬಹುದು. ಬಳ್ಳಾರಿ, ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಬರಿಯ ಇದ್ದಿಲಿನ ಮೇಲೆ ಎಳೆಯ ಸಸಿಯನ್ನಿಡುವುದು ಕಾದ ಹೆಂಚಿನ ಮೇಲಿಟ್ಟಂತೆ. ಅಲ್ಲಿ ಪಾಚಿಯೇ ಆಗಬೇಕು. ಕುಂಡಗಳ ಕೆಳಗೆ ನೀರು ತುಂಬಿದ ತಟ್ಟೆ, ಅದರಲ್ಲಿ ಕಲ್ಲು, ಕಲ್ಲಿನ ಮೇಲೆ ಕುಂಡ. ಕುಂಡದ ತಳ ನೀರಿಗೆ ತಾಗಬಾರದು.

ಎರಡನೆಯ ಪ್ರಶ್ನೆಯನ್ನು ಪುಸ್ತಕ ಬರೆಯುವವರು ಕೇಳುವುದೇ ಇಲ್ಲ. ನಮಗೆ ಅದೇ ಮುಖ್ಯವಾಗಿ ತೋರುವುದು. ಬೆಳಗ್ಗೆ ಎದ್ದು ತುಳಸಿಗೆ ನೀರೆರೆದು ಹಾಗೆಯೇ ಸಾಲಾಗಿ ಎಲ್ಲ ಕುಂಡಗಳಿಗೂ ಒಂದೊಂದು ಚೊಂಬು ಎರೆಯುವ ಅಜ್ಜಿಯಿರುವ ಮನೆಯುಂಟು. ಆಕೆಯನ್ನು ಬೇಡವೆಂದರೆ ಮನಸ್ಸಿಗೆ ನೋವು. ಬೇಡವೆಂದರೂ ನಾಳೆ ಎರೆಯದೆ ಬಿಡಳು. ಅಂತಹ ಮನೆಗೆ ಇದ್ದಿಲೂ ಹೆಂಚಿನ ಚೂರೂ ಆಗಬೇಕು. ದಿನಕ್ಕೆ ಎರಡು ಸಲ ಎರೆದರೂ ನೀರು ಜಾರಿಹೋಗಿ ಬೇರು ಒಣಗುವುದು. ಅಜ್ಜಿಗೆ ತೃಪ್ತಿ, ಗಿಡಕ್ಕೆ ಕ್ಷೇಮ. ಗಂಡ ಹೆಂಡಿರಿಬ್ಬರೂ ಬೆಳಗ್ಗೆ ಕಚೇರಿಗೆ ಹೋಗಿ ಕತ್ತಲಾದ ಮೇಲೆ ಬರುವ ಮನೆಯಲ್ಲಿ ಅದೇ ಇದ್ದಿಲಿನ ಕುಂಡದ ಸಸಿ ಹದಿನೈದು ದಿನಗಳಲ್ಲಿ ಸುಕ್ಕುಗಟ್ಟುವುದು. ಅಲ್ಲಿಗೆ ಪಾಚಿ ಅಥವಾ ಸಿಪ್ಪೆ. ಒಂದೇ ತೋಟದಿಂದ ಒಂದೇ ದಿನ ತಂದ ಸಸಿಗಳು ಅಕ್ಕನ ಮನೆಯಲ್ಲಿ ಸೊಂಪಾಗಿಯೂ ತಂಗಿಯ ಮನೆಯಲ್ಲಿ ಸೊರಗಿಯೂ ಇರುವುದಕ್ಕೆ ಬಹುಶಃ ಇದಕ್ಕಿಂತ ಆಳವಾದ ಕಾರಣವಿಲ್ಲ.

ಕುಂಡವನ್ನೂ ಇದೇ ಲೆಕ್ಕದಲ್ಲಿ ಎಣಿಸಬೇಕು. ಮಣ್ಣಿನ ಕುಂಡವು ಮೈಯಿಂದಲೇ ನೀರನ್ನು ಆರಿಸುವುದು, ಪ್ಲಾಸ್ಟಿಕ್ಕಿನದು ಆರಿಸದು. ಧಾರಾಳದ ಕೈಗೆ ಮಣ್ಣಿನದು, ಮರೆವಿನ ಕೈಗೆ ಪ್ಲಾಸ್ಟಿಕ್ಕಿನದು. ಎರಡಕ್ಕೂ ಪಕ್ಕದಲ್ಲಿ ರಂಧ್ರಗಳಿರಬೇಕು. ಮುಂದೆ ಬೆಳೆಯುವುದೆಂದು ಮಗುವಿಗೆ ದೊಡ್ಡ ಅಂಗಿ ಹೊಲಿಸುವಂತೆ ಸಸಿಗೆ ದೊಡ್ಡ ಕುಂಡ ಕೊಡುವುದು ಬೇಡ. ಬೇರು ತಲಪದ ಭಾಗದಲ್ಲಿ ನೀರು ನಿಂತು ಹುಳಿಯುವುದು.

ಆಸರೆ ಸರಿಯಾಗಿದೆಯೇ ಎಂಬುದನ್ನು ಕೇಳಬೇಕಾದುದು ಬೇರನ್ನು. ನೀರೆರೆದ ಮಾರನೆಯ ದಿನವೋ ಮೂರನೆಯ ದಿನವೋ ಬೇರು ಬೆಳ್ಳಿಯ ಬಣ್ಣಕ್ಕೆ ತಿರುಗುತ್ತಿದ್ದರೆ ಹದವಾಗಿದೆ. ಅರ್ಧ ದಿನದಲ್ಲೇ ಬಿಳುಪಾಗಿ ಎಲೆಯಲ್ಲಿ ನಿರಿಗೆ ಕಂಡರೆ ಒಣಗು ಹೆಚ್ಚು. ಚೂರುಗಳನ್ನು ಸಣ್ಣದು ಮಾಡಬೇಕು, ಅಥವಾ ಸಿಪ್ಪೆಯನ್ನು ಹೆಚ್ಚಿಸಬೇಕು. ವಾರವಾದರೂ ಹಸುರಾಗಿಯೇ ಇದ್ದು ತುದಿ ಕಂದಿದರೆ ಎಲ್ಲವನ್ನೂ ಕೆಡವಿ ಬೇರೆ ವಸ್ತುವಿನಲ್ಲಿ ನಡಬೇಕು, ನಾಳೆ ನೋಡೋಣವೆನ್ನಬಾರದು. ಕುಂಡವನ್ನು ಕೈಯಲ್ಲೆತ್ತಿ ತೂಕ ನೋಡುವ ಅಭ್ಯಾಸವೂ ಒಳ್ಳೆಯದು. ಒಂದೆರಡು ವಾರಗಳಲ್ಲಿ, ಉಪ್ಪಿನ ಹದವನ್ನು ನಾಲಗೆಗಿಂತ ಮೊದಲು ಕೈ ಬಲ್ಲಂತೆ, ನೀರು ಬೇಕೋ ಬೇಡವೋ ಎಂಬುದನ್ನು ಕೈಯೇ ಹೇಳುವುದು.

ಗೊಬ್ಬರಕ್ಕೆ ಅವಸರವಿಲ್ಲ. ಸೀಸೆಯಿಂದ ಬಂದ ಮೂರು ನಾಲ್ಕು ವಾರಗಳು ಬರಿಯ ನೀರು. ಆಮೇಲೆ ನೀರಿನಲ್ಲಿ ಕರಗುವ ಗೊಬ್ಬರವನ್ನು ಒಂದು ಲೀಟರಿಗೆ ಅರ್ಧ ಗ್ರಾಮಿನಂತೆ ಬೆರೆಸಿ ವಾರಕ್ಕೊಮ್ಮೆ ಸಿಂಪಡಿಸಿದರೆ ಸಾಕು. ನಡುವೆ ಒಂದು ದಿನ ಬರಿಯ ನೀರಿನಿಂದ ಕುಂಡವನ್ನು ಚೆನ್ನಾಗಿ ತೊಳೆಯಬೇಕು. ಸಗಣಿ, ಹಿಂಡಿ, ಅಡಿಗೆಮನೆಯ ತೊಳೆನೀರು ಇವುಗಳನ್ನು ಗುಲಾಬಿಗೆ ಬಿಡುವುದು ಮೇಲು.

ಹೊಸ ಜಾಗದಲ್ಲಿ ಹುಟ್ಟಿದ ಮೊದಲ ಬೇರನ್ನು ಗುರುತಿಸುವುದು ಸುಲಭ. ಸೀಸೆಯ ಹಳೆಯ ಬೇರುಗಳು ಸಪೂರವಾಗಿ, ಕ್ರಮೇಣ ಒಣಗುತ್ತ ಹೋಗುವುವು. ಹೊಸದು ದಪ್ಪನಾಗಿ, ಬಿಳಿಯ ಹೊದಿಕೆಯನ್ನು ತಳೆದು, ತುದಿಯಲ್ಲಿ ಹಸುರನ್ನೋ ನೇರಿಳೆಯನ್ನೋ ಹೊತ್ತು ಬರುವುದು. ಅದು ಒಂದು ಇದ್ದಿಲಿನ ಚೂರನ್ನೋ ಸಿಪ್ಪೆಯ ಚೂರನ್ನೋ ಕಂಡು ಅಪ್ಪಿ ಹಿಡಿದ ಮೇಲೆ ಎಳೆದರೂ ಬಿಡದು. ಎಂಟು ಹತ್ತು ತಿಂಗಳಲ್ಲಿ ಕುಂಡವೆಲ್ಲ ಅಂತಹ ಬೇರುಗಳಿಂದ ತುಂಬಿದಾಗ ಸಸಿಗಳನ್ನು ಬೇರ್ಪಡಿಸಿ ಒಂದೊಂದನ್ನು ಎರಡು ಮೂರು ಅಂಗುಲದ ಕುಂಡಕ್ಕೆ ಸಾಗಿಸಬಹುದು. ಹಿಡಿದ ಚೂರನ್ನು ಬೇರಿನಿಂದ ಬಿಡಿಸಲು ಹೋಗದೆ ಅದರೊಡನೆಯೇ ನಟ್ಟು, ಸುತ್ತ ಅವರೆಕಾಳಿನ ಗಾತ್ರದ ಹೊಸ ಚೂರುಗಳನ್ನು ಸುರಿದು, ಎರಡು ದಿನ ನೀರು ತೋರಿಸದೆ ನೆರಳಿನಲ್ಲಿಡಬೇಕು.